ಬ್ರೀದರ್ ಪೈಪ್ ಅಂದರೆ ಏನು, ಅದರ ತುದಿ ಎಲ್ಲಿರಬೇಕು?

ಹಳೆ ಬುಲೆಟ್ ಇಟ್ಟುಕೊಂಡವರ ಗೋಳು ಒಂದೇ, ಆಯಿಲ್ ಲೀಕ್. ಪ್ಯಾಕಿಂಗ್ ಬದಲಿಸುತ್ತಾರೆ, ಸೀಲ್ ಬದಲಿಸುತ್ತಾರೆ, ಸ್ವಲ್ಪ ದಿನಕ್ಕೆ ಸ್ಟ್ಯಾಂಡ್ ಕೆಳಗೆ ಮತ್ತೆ ಅದೇ ಕಪ್ಪು ಕಲೆ. ಪ್ಯಾಕಿಂಗ್‌ಗೆ ಕೈ ಹಾಕುವ ಮೊದಲು ಬ್ರೀದರ್ ಪೈಪ್ ನೋಡಿ.

ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಗೂಡೇ ಕ್ರ್ಯಾಂಕ್‌ಕೇಸ್. ಅದರೊಳಗಿನ ಗಾಳಿ ಹೊರಗೆ ಹೋಗುವ ದಾರಿ ಬ್ರೀದರ್. 350 ಬುಲೆಟ್‌ನ ಹಳೆ ಕಬ್ಬಿಣದ ಇಂಜಿನ್ 346 ಸಿಸಿ, ಅಂದರೆ ಪಿಸ್ಟನ್ ಒಂದು ಸಲ ಕೆಳಗಿಳಿದಾಗ ಕ್ರ್ಯಾಂಕ್‌ಕೇಸ್‌ನಲ್ಲಿ ಅಷ್ಟು ಜಾಗ ಕಡಿಮೆಯಾಗುತ್ತದೆ. 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಇದು ಸೆಕೆಂಡಿಗೆ 50 ಸಲ! ಸಾಲದ್ದಕ್ಕೆ ಪಿಸ್ಟನ್ ರಿಂಗ್ ಸಂದಿಯಿಂದ ಉರಿದ ಗ್ಯಾಸ್ ಕೂಡ ಕೆಳಗೆ ನುಸುಳುತ್ತದೆ, ಹೊಸ ಇಂಜಿನ್‌ನಲ್ಲೂ ಸ್ವಲ್ಪ, ಬೋರ್ ಹೋದ, ಅಂದರೆ ಸಿಲಿಂಡರ್ ಒಳಗೋಡೆ ಸವೆದ ಇಂಜಿನ್‌ನಲ್ಲಿ ಜಾಸ್ತಿ. ದಾರಿ ಕಟ್ಟಿಕೊಂಡರೆ ಆ ಒತ್ತಡ ಎಲ್ಲಿ ಪ್ಯಾಕಿಂಗ್ ಸಡಿಲ ಇದೆಯೋ ಅಲ್ಲಿಂದ ಆಯಿಲ್ ಸಮೇತ ಹೊರಬರುತ್ತದೆ.

ಮೈಸೂರಿನ ಜಾವಾ, ಯೆಜ್ಡಿ ಓಡಿಸಿದವರಿಗೆ ಈ ತಲೆನೋವು ಗೊತ್ತಿಲ್ಲ. ಆ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಬರುವುದೇ ಕ್ರ್ಯಾಂಕ್‌ಕೇಸಿಗೆ, ಅಲ್ಲಿನ ಒತ್ತಡವೇ ಅದನ್ನು ಮೇಲೆ ತಳ್ಳಬೇಕು. ಅಲ್ಲಿ ತೂತು ಬಿಟ್ಟರೆ ಗಾಡಿ ಸ್ಟಾರ್ಟೇ ಆಗಲ್ಲ.

ಈಚಿನ ಬೈಕುಗಳಲ್ಲಿ ಬ್ರೀದರ್ ಪೈಪ್ ಏರ್ ಫಿಲ್ಟರ್ ಬಾಕ್ಸಿಗೆ ಹೋಗುತ್ತದೆ. ಆ ಹೊಗೆಯಲ್ಲಿ ಆಯಿಲ್ ಆವಿ, ಉರಿಯದ ಪೆಟ್ರೋಲ್ ಎಲ್ಲ ಇರುತ್ತದೆ, ಅದು ಇಂಜಿನ್ನಿಗೇ ವಾಪಸ್ ಹೋಗಿ ಉರಿಯಲಿ ಅಂತ. ಮಾಲಿನ್ಯ ನಿಯಮ ಇದೆ, ಆದ್ದರಿಂದ ಅಂಥ ಗಾಡಿಯಲ್ಲಿ ಪೈಪ್ ಕಿತ್ತು ಸುಮ್ನೆ ಹೊರಗೆ ಬಿಡಬೇಡಿ.

ಹಳೆ ಬುಲೆಟ್‌ಗೆ ಹೊರಗಿನ ಪೈಪ್ ಹಾಕುವುದಾದರೆ ಅಸಲಿ ವಿಷಯ ಅದು ಸಾಗುವ ದಾರಿ. ಇಂಜಿನ್‌ನಿಂದ ಹೊರಟ ಪೈಪ್ ಮೊದಲು ಸ್ವಲ್ಪ ಮೇಲಕ್ಕೆ ಏರಬೇಕು, ಆಗ ಆವಿ ಜೊತೆ ಬಂದ ಆಯಿಲ್ ಹನಿಗಳು ವಾಪಸ್ ಇಳಿಯುತ್ತವೆ. ಆಮೇಲೆ ಸೀಟಿನ ಕೆಳಗೆ ಹಾಯ್ದು ಹಿಂದಿನ ಮಡ್‌ಗಾರ್ಡ್ ಕಡೆ ಇಳಿಯಲಿ. ನಡುವೆ ಎಲ್ಲೂ ಜೋತು ಬೀಳಬಾರದು. ಜೋತು ಬಿದ್ದ ಕಡೆ ನೀರು ನಿಲ್ಲುತ್ತದೆ, ಅದರಲ್ಲೂ ಅಂಗಡಿಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ನೀರಾವಿ ಆಯಿಲ್ ಜೊತೆ ಕಲಸಿ ಬೆಣ್ಣೆ ಥರ ಬಿಳಿ ಲೋಳೆಯಾಗುತ್ತದೆ. ಪೈಪ್ ಕಿತ್ತು ಬೆಳಕಿಗೆ ಹಿಡಿದರೆ ಕಾಣುತ್ತದೆ. ಪೆಟ್ರೋಲ್ ಪೈಪಿನಷ್ಟು ಸಣ್ಣದನ್ನಂತೂ ತುರುಕಬೇಡಿ, ಇಂಜಿನ್ ಬಾಯಿಯಷ್ಟೇ ಅಗಲದ, ಆಯಿಲ್ ತಡೆಯುವ ರಬ್ಬರ್ ಪೈಪ್ ಬೇಕು. ಸೀಟಿನ ಕೆಳಗೆ ಅದು ಮಡಚಿ ಒತ್ತಿಕೊಂಡಿಲ್ಲವಾ, ಸೈಲೆನ್ಸರ್‌ಗೆ ತಾಗುತ್ತಿಲ್ಲವಾ ಅಂತಲೂ ನೋಡಿ.

ತುದಿಯನ್ನು ಚೈನ್ ಮೇಲೆ ಬಿಡಿ, ಪುಕ್ಕಟೆ ಆಯಿಲ್ ಆಗುತ್ತೆ ಅನ್ನುವವರು ಇದ್ದಾರೆ. ಹಳೆ ಬ್ರಿಟಿಷ್ ಬೈಕು ಕೆಲವದರಲ್ಲಿ ಹಾಗೇ ಇತ್ತು ನಿಜ. ನನಗೆ ಒಪ್ಪಿಗೆಯಿಲ್ಲ. ಅದು ಆಯಿಲ್‌ಗಿಂತ ಜಾಸ್ತಿ ಕೊಳಕು ನೀರು, ಚೈನ್‌ನಿಂದ ಸಿಡಿದು ಹಿಂದಿನ ಟಯರ್‌ಗೆ ಹತ್ತಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ತುದಿಗೆ ಡಕ್‌ಬಿಲ್ ಹಾಕಿದರೆ ಒಳ್ಳೆಯದು. ಬಾತುಕೋಳಿ ಕೊಕ್ಕಿನ ಆಕಾರದ ಈ ರಬ್ಬರ್ ತುಂಡು ಪಿಸ್ಟನ್ ಇಳಿದಾಗ ತುಟಿ ತೆರೆದು ಗಾಳಿ ಬಿಡುತ್ತದೆ, ಪಿಸ್ಟನ್ ಏರಿದಾಗ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ, ಲೀಕ್ ಎಷ್ಟೋ ಕಡಿಮೆಯಾಗುತ್ತದೆ. ಹಾಕುವ ಮೊದಲು ಪೈಪ್ ಕಡೆಯಿಂದ ಊದಿ ನೋಡಿ, ಗಾಳಿ ಹೋಗಬೇಕು. ಉಸಿರು ಎಳೆದರೆ ಗಾಳಿ ಬರಬಾರದು. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ತುಟಿ ಕೂರುವುದಿಲ್ಲ, ಆಗ ಬದಲಿಸಿ.

ಇನ್ನೊಂದು. ತುಂಬಾ ದಿನ ನಿಲ್ಲಿಸಿದ ಬುಲೆಟ್ ಸ್ಟಾರ್ಟ್ ಮಾಡಿದ ತಕ್ಷಣ ಬ್ರೀದರ್‌ನಿಂದ ಆಯಿಲ್ ಉಗುಳಿದರೆ ಬೋರ್ ಹೋಯ್ತು ಅಂತ ಗಾಬರಿಯಾಗಬೇಡಿ. ನಿಂತಲ್ಲೇ ಪಂಪ್ ಸಂದಿಯಿಂದ ಆಯಿಲ್ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ, ಅದೇ ಹೊರಗೆ ಬರುವುದು. ಸ್ವಲ್ಪ ಹೊತ್ತು ಓಡಿದ ಮೇಲೂ ನಿಲ್ಲದಿದ್ದರೆ ಮಾತ್ರ ಮೆಕ್ಯಾನಿಕ್ ಹತ್ತಿರ ಹೋಗಿ.