ಶಾರ್ಕ್ ಬೋಟಲ್ಲಿ ಭಯ ಪಡಬೇಕಾಗಿರೋದು ಶಾರ್ಕು

ಮಯಾಮಿ ಯೂನಿವರ್ಸಿಟಿಯ ಶಾರ್ಕ್ ರಿಸರ್ಚ್ ಟೀಮ್‌ನವರು ಫ್ಲೋರಿಡಾ ಕಡಲಿಗೆ ಹೋಗುವಾಗ ಸ್ಕೂಲ್ ಮಕ್ಕಳನ್ನ, ನಮ್ಮಂಥ ಸಾಮಾನ್ಯ ಜನರನ್ನ ಬೋಟಲ್ಲಿ ಕರ್ಕೊಂಡು ಹೋಗ್ತಾರೆ, ಬರೀ ನೋಡ್ಲಿ ಅಂತಲ್ಲ, ಕೈಗೆ ಕೆಲಸಾನೂ ಕೊಡ್ತಾರೆ. ಊರಲ್ಲಿ ಯಾರಿಗೆ ಹೇಳಿದ್ರೂ ಮೊದಲು ಕೇಳೋದು "ಕಚ್ಚಲ್ವಾ?" ಅಂತ. ಆದ್ರೆ ಹೊರಡೋ ಮುಂಚೆ ಅವ್ರು ಹೇಳೋದನ್ನ ಸ್ವಲ್ಪ ಗಮನ ಇಟ್ಟು ಕೇಳಿದ್ರೆ ಗೊತ್ತಾಗುತ್ತೆ, ಅಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡಿರೋದು ನಾವಲ್ಲ, ಶಾರ್ಕು. ಇಡೀ ದಿನದ ಪ್ಲ್ಯಾನ್ ಇರೋದೇ ಅದು ಸಾಯಬಾರ್ದು ಅಂತ.

ಗಾಳದಿಂದಲೇ ಶುರು ಮಾಡೋಣ. ಡ್ರಮ್‌ಲೈನ್ ಅಂತ ಒಂದು ವ್ಯವಸ್ಥೆ: ಕಡಲ ತಳಕ್ಕೆ ಒಂದು ಭಾರ, ಮೇಲೆ ತೇಲೋಕೆ ಬುರುಡೆ, ಆ ಭಾರದಿಂದ ಸುಮಾರು 23 ಮೀಟರ್ ಉದ್ದದ ದಪ್ಪ ಲೈನ್, ತುದಿಗೆ ಮೀನಿನ ತುಂಡು ಚುಚ್ಚಿದ ಗಾಳ. ಲೈನ್ ಯಾಕಷ್ಟು ಉದ್ದ ಅಂದ್ರೆ, ಸಿಕ್ಕಿಬಿದ್ದ ಶಾರ್ಕ್ ಸುತ್ತ ಈಜ್ತಾ ಇರಬೇಕು. ತುಂಬಾ ಜಾತಿಯ ಶಾರ್ಕ್‌ಗಳಿಗೆ ಈಜೋದೂ ಉಸಿರಾಡೋದೂ ಒಂದೇ, ಮುಂದಕ್ಕೆ ಹೋದ್ರೆ ತಾನೆ ಬಾಯಿಂದ ಕಿವಿರಿಗೆ ನೀರು ಹರಿಯೋದು. ಗಾಳ ಕೂಡ ಒಳಮುಖಕ್ಕೆ ಬಾಗಿರೋ ಸರ್ಕಲ್ ಹುಕ್, ಹೊಟ್ಟೆಗೆ ಇಳಿಯೋದು ಕಮ್ಮಿ, ಹೆಚ್ಚಾಗಿ ದವಡೆಯ ಮೂಲೆಗೇ ಸಿಗುತ್ತೆ. ಒಂದು ಗಂಟೆ ಆಗ್ತಿದ್ದಂಗೆ ಎತ್ತಿ ನೋಡ್ತಾರೆ, ರಾತ್ರಿಯಿಡೀ ಬಿಡೋ ಮಾತೇ ಇಲ್ಲ. ಆ ಒಂದು ಗಂಟೆ ನಿಮಗೆ ಬಿಸಿಲು, ಸನ್‌ಸ್ಕ್ರೀನು, ಕೆಲವರಿಗೆ ವಾಂತಿ. ಎತ್ತಿದ್ರೆ ಬರೀ ಮೀನಿನ ತುಂಡು ವಾಪಸ್ ಬರೋದೂ ಮಾಮೂಲಿ.

ಶಾರ್ಕ್ ಬಂತು ಅಂದ ತಕ್ಷಣ ಮಾತೆಲ್ಲ ಬಂದ್. ಬೋಟ್ ಹಿಂದೆ ಅರ್ಧ ನೀರಲ್ಲಿ ಮುಳುಗಿರೋ ಪ್ಲಾಟ್‌ಫಾರಂ ಮೇಲೆ ಅದನ್ನ ತಂದು ಅನುಭವಸ್ಥರು ತಲೆ ಬಾಲ ಅಮುಕಿ ಹಿಡೀತಾರೆ, ಬಾಯಿಗೆ ಒಂದು ಪೈಪ್ ಇಟ್ಟು ಪಂಪ್‌ನಿಂದ ಕಡಲ ನೀರು ಬಿಡ್ತಾರೆ, ಕಿವಿರಿನ ಸೀಳುಗಳಿಂದ ನೀರು ಹೊರಗೆ ಬರ್ತಾ ಇರೋದು ಕಣ್ಣಿಗೇ ಕಾಣುತ್ತೆ. ಆಮೇಲೆ ಒಬ್ಬೊಬ್ಬರನ್ನೇ ಕರೀತಾರೆ. ಒಬ್ಬರು ಟೇಪ್ ಹಿಡಿದು ಮೂತಿಯಿಂದ ಬಾಲದ ತನಕ ಉದ್ದ ಅಳೀಬೇಕು, ಇನ್ನೊಬ್ಬರು ಬೆನ್ನಿನ ರೆಕ್ಕೆಯ ಹಿಂದಿನ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಬೇಕು, ಮತ್ತೊಬ್ಬರು ನಂಬರ್ ಇರೋ ಟ್ಯಾಗ್ ಚುಚ್ಚಬೇಕು. ಚರ್ಮ ಮುಟ್ಟಿದ್ರೆ ತಲೆಯಿಂದ ಬಾಲದ ಕಡೆಗೆ ನುಣ್ಣಗಿರುತ್ತೆ, ಕೈ ಉಲ್ಟಾ ಸವರಿದ್ರೆ ಉಪ್ಪುಕಾಗದ, ಯಾಕಂದ್ರೆ ಆ ಚರ್ಮದ ತುಂಬ ಇರೋದು ಹಲ್ಲಿನ ರಚನೆಯದೇ ಸಣ್ಣ ಸಣ್ಣ ಹುರುಪೆ, ಎಲ್ಲಾ ಬಾಲದ ಕಡೆಗೇ ವಾಲಿರುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಕಣ್ಣಿನ ಟೆಸ್ಟು. ಕಣ್ಣಿಗೆ ಸ್ವಲ್ಪ ಕಡಲ ನೀರು ಚಿಮ್ಮಿಸ್ತಾರೆ, ಕೆಳಗಿಂದ ಒಂದು ಬಿಳಿ ಪೊರೆ ಸರಕ್ ಅಂತ ಮೇಲೆ ಬಂದು ಕಣ್ಣು ಮುಚ್ಚಬೇಕು. ಬಂದ್ರೆ ಪ್ರಾಣಿ ಚುರುಕಾಗಿದೆ ಅಂತ, ಬರ್ಲಿಲ್ಲ ಅಂದ್ರೆ ಸುಸ್ತಾಗಿದೆ ಅಂತ. ಆದ್ರೆ ನರ್ಸ್ ಶಾರ್ಕ್ ಅನ್ನೋ ಜಾತಿಗೆ ಈ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ, ಅದಕ್ಕೆ ಆ ಪೊರೆನೇ ಇಲ್ಲ. ಜೊತೆಗೆ ಅದು ತಳದಲ್ಲಿ ಸುಮ್ಮನೆ ಮಲಗಿಯೂ ಬಾಯಿಂದ ನೀರು ಎಳ್ಕೊಂಡು ಉಸಿರಾಡುತ್ತೆ, ಹಾಗಾಗಿ ಹಿಡಿದ್ರೂ ಅಷ್ಟಾಗಿ ಬಳಲಲ್ಲ.

ರಕ್ತ ತೆಗೆಯೋದು ಮಾತ್ರ ಅವ್ರದ್ದೇ ಕೆಲಸ, ಬಾಲದ ಬುಡದ ರಕ್ತನಾಳದಿಂದ. ಅದ್ರಲ್ಲಿ ಮುಖ್ಯವಾಗಿ ನೋಡೋದು ಲ್ಯಾಕ್ಟೇಟ್. ಗಾಳಕ್ಕೆ ಸಿಕ್ಕಿ ಒದ್ದಾಡುವಾಗ ಸ್ನಾಯುಗಳಿಗೆ ಸಾಕಾಗೋಷ್ಟು ಆಕ್ಸಿಜನ್ ಸಿಗಲ್ಲ, ಆಕ್ಸಿಜನ್ ಇಲ್ಲದೇನೇ ಶಕ್ತಿ ಮಾಡ್ಕೊಳ್ಳುತ್ತವೆ, ಆಗ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತೆ. 2014ರಲ್ಲಿ ಇದೇ ಟೀಮ್‌ನವರು ಐದು ಜಾತಿಗಳನ್ನ ಹೋಲಿಸಿ ನೋಡಿದಾಗ ಟೈಗರ್ ಶಾರ್ಕ್ ಹೆಚ್ಚುಕಡಿಮೆ ಏನೂ ಆಗದವರ ಥರ ಹೋಯ್ತು, ಸುತ್ತಿಗೆಯಂಥ ತಲೆಯ ಗ್ರೇಟ್ ಹ್ಯಾಮರ್‌ಹೆಡ್ ಎಲ್ಲಕ್ಕಿಂತ ಜಾಸ್ತಿ ಬಳಲಿತು, ಬಿಟ್ಟ ಮೇಲೂ ಸಾಯೋ ಅಪಾಯ ಅದಕ್ಕೇ ಜಾಸ್ತಿ. ಅಂದ್ರೆ "ಹಿಡಿದು ವಾಪಸ್ ಬಿಟ್ವಿ, ಪಾಪ ಏನೂ ಆಗ್ಲಿಲ್ಲ" ಅನ್ನೋ ಶೋಕಿ ಮೀನುಗಾರರ ಸಮಾಧಾನ ಎಲ್ಲಾ ಜಾತಿಗೂ ನಡಿಯಲ್ಲ. ಬೋಟಲ್ಲಿ ಹ್ಯಾಮರ್‌ಹೆಡ್ ಬಂದ್ರೆ ಬೇರೆ ಕೆಲಸ ಎಲ್ಲಾ ಕಮ್ಮಿ ಮಾಡಿ ಬೇಗ ಬಿಡೋದು ಇದಕ್ಕೇ, ಫೋಟೋ ಬಂತೋ ಇಲ್ವೋ ಯಾರೂ ಕೇಳಲ್ಲ, ಕೇಳಲೂಬಾರ್ದು.

ಉಗುರಿನಷ್ಟು ರೆಕ್ಕೆ ಚೂರಿಂದ ಏನು ಸಿಗುತ್ತೆ ಅಂದ್ರೆ ಡಿಎನ್ಎ, ಜೊತೆಗೆ ಊಟದ ಲೆಕ್ಕ. ಸಣ್ಣದನ್ನ ದೊಡ್ಡದು, ದೊಡ್ಡದನ್ನ ಇನ್ನೂ ದೊಡ್ಡದು ತಿನ್ನೋ ಸರಪಳಿಯಲ್ಲಿ ಮೇಲೆ ಹೋದಂಗೆಲ್ಲ ದೇಹದಲ್ಲಿ ನೈಟ್ರೋಜನ್-15ರ (ನೈಟ್ರೋಜನ್‌ನದೇ ಸ್ವಲ್ಪ ಭಾರದ ರೂಪ) ಪಾಲು ಏರ್ತಾ ಹೋಗುತ್ತೆ, ಅದನ್ನ ಅಳೆದ್ರೆ ಈ ಶಾರ್ಕ್ ಯಾವ ಮೆಟ್ಟಿಲಲ್ಲಿ ಕೂತಿದೆ ಅಂತ ಹೊಟ್ಟೆ ಕೊಯ್ಯದೇನೇ ಗೊತ್ತಾಗುತ್ತೆ.

ಇನ್ನು ಓಡಾಟದ ವಿಷಯ. ಕೆಲವು ಶಾರ್ಕ್‌ಗಳ ಮೈಗೆ ಶಬ್ದ ಹೊರಡಿಸೋ ಸಣ್ಣ ಯಂತ್ರ ಸೇರಿಸ್ತಾರೆ, ಕಡಲ ತಳದಲ್ಲಿಟ್ಟ ರಿಸೀವರ್ ಹತ್ರ ಅದು ಬಂದಾಗೆಲ್ಲ ಹಾಜರಿ ಬೀಳುತ್ತೆ. ಮಯಾಮಿಯಂಥ ಗಿಜಿಗಿಜಿ ಸಿಟಿಯ ಪಕ್ಕ, ಅಷ್ಟು ಬೋಟ್ ಗದ್ದಲ, ಅಷ್ಟು ಬೆಳಕು, ಶಾರ್ಕ್‌ಗಳು ದೂರ ಇರ್ತವೆ ಅಂತಲೇ ಸಂಶೋಧಕರೂ ಅಂದ್ಕೊಂಡಿದ್ರು. ಕಾಡಲ್ಲಿ ದೊಡ್ಡ ಬೇಟೆ ಪ್ರಾಣಿಗಳು ಸಾಮಾನ್ಯವಾಗಿ ಹಾಗೇ ತಾನೆ. 2022ರಲ್ಲಿ ಬಂದ ರಿಸಲ್ಟ್ ನೋಡಿದ್ರೆ ನರ್ಸ್, ಬುಲ್, ಗ್ರೇಟ್ ಹ್ಯಾಮರ್‌ಹೆಡ್ ಮೂರೂ ಸಿಟಿ ಅಂತ ಜಾಗ ಬಿಟ್ಟಿರ್ಲಿಲ್ಲ.

ನಮ್ಮ ಕರಾವಳಿಯಲ್ಲಿ ಕಥೆ ಬೇರೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ)ನವರಿಗೆ ಮಾಹಿತಿ ಸಿಗೋದು ಹೆಚ್ಚಾಗಿ ಬಲೆಗೆ ಬಿದ್ದು ಸತ್ತು ಬಂದ ತಾಟೆ ಮೀನುಗಳಿಂದ, ಅಂದ್ರೆ ಶಾರ್ಕ್‌ಗಳಿಂದ. ಉದ್ದ, ಹೊಟ್ಟೆಯೊಳಗಿನ ಊಟ, ಮರಿ ಎಷ್ಟಿದ್ವು, ಅದೆಲ್ಲ ಅಲ್ಲಿ ಚೆನ್ನಾಗಿ ಸಿಗುತ್ತೆ, ಬೋಟಲ್ಲಿ ಐದು ನಿಮಿಷದಲ್ಲಿ ಸಿಗದೇ ಇರೋದೂ ಸಿಗುತ್ತೆ. ಆದ್ರೆ ನಾಳೆ ಎಲ್ಲಿಗೆ ಹೋಗ್ತಿತ್ತು ಅನ್ನೋದಕ್ಕೆ ಅದು ಬದುಕಿರಬೇಕಲ್ಲ.

ಅದಕ್ಕೆ ದುಬಾರಿ ಯಂತ್ರನೇ ಬೇಕು ಅಂತಿಲ್ಲ. ಅಮೆರಿಕ ಸರ್ಕಾರ 1962ರಿಂದ ನಡೆಸ್ತಿರೋ ಟ್ಯಾಗಿಂಗ್ ಯೋಜನೆಯಲ್ಲಿ ಗಾಳ ಹಾಕೋ ಸಾಮಾನ್ಯ ಜನರೇ ನಂಬರ್ ಚುಚ್ಚಿ ಬಿಡ್ತಾರೆ, ಮುಂದೆ ಯಾರಿಗಾದ್ರೂ ಅದೇ ಶಾರ್ಕ್ ಸಿಕ್ಕಿದ್ರೆ ನಂಬರ್ ಓದಿ ಎಲ್ಲಿ, ಯಾವಾಗ ಅಂತ ತಿಳಿಸಬೇಕು, ಅಷ್ಟೇ. ಹಂಗೆ ಬಿಟ್ಟ ಒಂದು ಸ್ಯಾಂಡ್‌ಬಾರ್ ಶಾರ್ಕ್ ಮತ್ತೆ ಸಿಕ್ಕಿದ್ದು 27 ವರ್ಷ ದಾಟಿದ ಮೇಲೆ, ಟ್ಯಾಗ್ ಮೇಲಿನ ನಂಬರ್ ಇನ್ನೂ ಓದೋಕೆ ಬರ್ತಿತ್ತು.