ತಂಬೂರಿ ನಿಲ್ಲದ ಡಿಸ್ಕ್

ರಾಮನವಮಿಗೆ ಒಂದು ಸುತ್ತು, ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಇನ್ನೊಂದು ಸುತ್ತು, ದಸರೆಗೆ ಮತ್ತೊಂದು. ಮೈಸೂರಿನಲ್ಲಿ ಕಛೇರಿಗಳಿಗೆ ಬರವಿಲ್ಲ. ಅವುಗಳ ಧ್ವನಿಮುದ್ರಣಗಳು ಊರಿನ ಎಷ್ಟೋ ಮನೆಗಳ ಬೀರುಗಳಲ್ಲಿ ಇನ್ನೂ ಕ್ಯಾಸೆಟ್ಟಿನ ರೂಪದಲ್ಲೇ ಕೂತಿವೆ. ಅವನ್ನು ಡಿಸ್ಕಿಗೆ ಇಳಿಸಿದವರಿಗೆ ಒಂದು ಕಿರಿಕಿರಿ ಚೆನ್ನಾಗಿ ಗೊತ್ತು. ಆಲಾಪನೆ ಮುಗಿದು ಪಿಟೀಲಿನವರು ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಸದ್ದೆಲ್ಲ ಅಡಗಿ, ಅರೆಕ್ಷಣದ ಮೇಲೆ ಮತ್ತೆ ಶುರುವಾಗುತ್ತದೆ.

ಸಿನಿಮಾ ಹಾಡುಗಳ ಡಿಸ್ಕಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ; ಎರಡು ಹಾಡುಗಳ ನಡುವೆ ಹೇಗೂ ಮೌನವಿರುತ್ತದೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಅಂಥ ಮೌನವೇ ಇಲ್ಲ. ವರ್ಣದಿಂದ ಮಂಗಳದವರೆಗೆ ತಂಬೂರಿ ನುಡಿಯುತ್ತಲೇ ಇರುತ್ತದೆ. ಎಡೆಬಿಡದೆ ಬರುವ ಆ ನಾದಕ್ಕೆ ಒಗ್ಗಿಹೋದ ಕಿವಿ, ಅದು ತಪ್ಪಿದೊಡನೆ ಎಚ್ಚೆತ್ತುಕೊಳ್ಳುತ್ತದೆ. ಅಲೆಯೊಂದನ್ನು ನಡುವೆ ಕತ್ತರಿಸಿದರೆ ಅದರ ಶಕ್ತಿ ಎಲ್ಲ ಕಂಪನಾಂಕಗಳಿಗೂ ಚೆದುರುತ್ತದೆ. ‘ಟಿಕ್’ ಎಂದು ಕೇಳುವುದು ಅದೇ.

ಈ ತೊಂದರೆ ಡಿಜಿಟಲ್ ಕಾಲದ್ದೇನೂ ಅಲ್ಲ. 1940ರ ದಶಕದ ಕೊನೆಯಲ್ಲಿ ನಮ್ಮ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅರ್ಧ ಗಂಟೆಗೂ ಹೆಚ್ಚಿನ ಆ ಕೃತಿ ಬಂದದ್ದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಗಳಲ್ಲಿ. 12 ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕೈದು ನಿಮಿಷ. ಅರಮನೆಯಲ್ಲಿ ಕೂತು ಕೇಳಿದರೂ ನಾಲ್ಕೈದು ನಿಮಿಷಕ್ಕೊಮ್ಮೆ ಯಾರಾದರೂ ಎದ್ದು ತಟ್ಟೆ ತಿರುವಲೇಬೇಕಿತ್ತು.

ತಟ್ಟೆಯಲ್ಲಿ ಜಾಗವೇ ಸಾಲುತ್ತಿರಲಿಲ್ಲ, ಸರಿ. ಜಾಗ ಬೇಕಾದಷ್ಟಿರುವ ಇಂದಿನ ಡಿಸ್ಕಿನಲ್ಲೂ ಬಿರುಕು ಏಕೆ? ಕಾರಣ ಇರುವುದು ಎಣಿಕೆಯಲ್ಲಿ. ಸಿಡಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆದು (ಒಂದೊಂದು ಅಳತೆಯೂ ಒಂದು ‘ಸ್ಯಾಂಪಲ್’), ಆ ಸೆಕೆಂಡನ್ನು 75 ಸೆಕ್ಟರ್‌ಗಳಾಗಿ ಹಂಚುತ್ತದೆ. ಅಂದರೆ ಸೆಕ್ಟರಿಗೆ 588 ಸ್ಯಾಂಪಲ್. ಎಂಪಿ3ಗೆ ಬೇರೆಯೇ ಲೆಕ್ಕ, ಒಂದು ಫ್ರೇಮಿಗೆ 1,152. ಮಂಡ್ಯದ ಅಕ್ಕಿ ಗಿರಣಿಯಲ್ಲಿ ಚೀಲಕ್ಕೆ ಇಷ್ಟೇ ಕಿಲೋ ಎಂದು ಗೊತ್ತುಮಾಡಿದ ಹಾಗೆ. ಕೊನೆಯ ಚೀಲಕ್ಕೆ ಅಕ್ಕಿ ಸಾಲದೆ ಹೋದರೂ ಚೀಲ ತುಂಬಿರಲೇಬೇಕು ಎಂದರೆ ಏನಾದರೂ ತುಂಬಬೇಕಲ್ಲ, ಇಲ್ಲಿ ಪ್ರತಿ ಟ್ರ್ಯಾಕಿನ, ಅಂದರೆ ಕಛೇರಿಯಿಂದ ತುಂಡರಿಸಿದ ಒಂದೊಂದು ಭಾಗದ, ಕೊನೆಗೆ ತುಂಬುವುದು ಸೊನ್ನೆಗಳನ್ನು, ಎಂದರೆ ಮೌನವನ್ನು. ಸಿಡಿಯಲ್ಲಿ ಆ ಸೊನ್ನೆಗಳ ಉದ್ದ ಸೆಕೆಂಡಿನ 75ನೇ ಒಂದು ಭಾಗಕ್ಕೂ ಕಡಿಮೆ. ತಂಬೂರಿಯನ್ನು ಕೆಡಿಸಲು ಅಷ್ಟು ಸಾಕು. ಇದರ ಮೇಲೆ ಸಿಡಿ ಬರೆಯುವ ತಂತ್ರಾಂಶ ‘ಟ್ರ್ಯಾಕ್ ಅಟ್ ಒನ್ಸ್’ (ಒಂದೊಂದೇ ಟ್ರ್ಯಾಕನ್ನು ಬೇರೆಬೇರೆಯಾಗಿ ಬರೆಯುವ) ವಿಧಾನದಲ್ಲಿದ್ದರೆ ಟ್ರ್ಯಾಕುಗಳ ನಡುವೆ ಎರಡು ಸೆಕೆಂಡು ಬಿಡುವು ಬೇರೆ. ಇಡೀ ಡಿಸ್ಕನ್ನು ಒಂದೇ ಸಲ ಬರೆಯುವ ‘ಡಿಸ್ಕ್ ಅಟ್ ಒನ್ಸ್’ ಆರಿಸಿಕೊಂಡರೆ ಆ ಬಿಡುವನ್ನು ಇಲ್ಲವಾಗಿಸಬಹುದು.

ಆದರೆ ಸಿಡಿಯಲ್ಲಿ ಹಿಡಿಸುವುದೇ 80 ನಿಮಿಷ. ಮೂರೂವರೆ ಗಂಟೆಯ ಕಛೇರಿಗೆ ಡಿವಿಡಿಯೇ ಸೂಕ್ತ. ಸಂಗೀತಕ್ಕೆಂದೇ ರೂಪಿಸಿದ ಡಿವಿಡಿ-ಆಡಿಯೊ ಎಂಬ ಮಾದರಿಯೂ ಇತ್ತು. ಅದನ್ನು ನುಡಿಸಬಲ್ಲ ಪ್ಲೇಯರ್ ನಮ್ಮ ಮನೆಗಳಿಗೆ ಬರಲೇ ಇಲ್ಲ ಎನ್ನಬಹುದು. ಹಾಗಾಗಿ ಸಿನಿಮಾ ನೋಡುವ ಮಾಮೂಲಿ ಡಿವಿಡಿಯನ್ನೇ ಸಂಗೀತಕ್ಕೆ ಒಗ್ಗಿಸಬೇಕು. ಅದಕ್ಕೆ ಚಿತ್ರ ಬೇಕೇಬೇಕು. ಕಪ್ಪು ಪರದೆಯನ್ನೋ ಕಛೇರಿಯ ಒಂದು ಫೋಟೊವನ್ನೋ ಕೊನೆಯವರೆಗೂ ಇಟ್ಟರಾಯಿತು. ಅಲುಗದ ಚಿತ್ರಕ್ಕೆ ತಗಲುವ ಜಾಗ ತೀರ ಕಡಿಮೆ.

ಇನ್ನು ಗುಣಮಟ್ಟದ ಲೆಕ್ಕ. ಸಂಕುಚಿಸದ, ಸ್ಯಾಂಪಲ್ಲುಗಳನ್ನು ಇದ್ದ ಹಾಗೇ ಇಡುವ ಪಿಸಿಎಂ ಧ್ವನಿ, 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್), 16 ಬಿಟ್ (ಒಂದೊಂದು ಸ್ಯಾಂಪಲಿನ ಅಳತೆಯ ಸೂಕ್ಷ್ಮತೆ), ಎರಡು ಚಾನೆಲ್ ಎಂದರೆ ಸೆಕೆಂಡಿಗೆ 1,92,000 ಬೈಟ್. 4.7 ಜಿಬಿಯ ಒಂದು ಪದರದ ಡಿಸ್ಕಿನಲ್ಲಿ, ಚಿತ್ರದ ಪಾಲು ಕಳೆದರೂ, ಐದು ಗಂಟೆಗೂ ಹೆಚ್ಚು ಹಿಡಿಸುತ್ತದೆ. 96 ಕಿಲೋಹರ್ಟ್ಸ್, 24 ಬಿಟ್‌ಗೆ ಏರಿಸಿದರೆ ಅದು ಹೆಚ್ಚೆಂದರೆ ಎರಡೂಕಾಲು ಗಂಟೆಗೆ ಇಳಿಯುತ್ತದೆ. ಏರಿಸುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ; ಕ್ಯಾಸೆಟ್ಟಿನ ‘ಸ್’ ಎಂಬ ಹಿನ್ನೆಲೆ ಸದ್ದು ಅದರಲ್ಲಿ ಎಷ್ಟೋ ಭಾಗವನ್ನು ಮೊದಲೇ ನುಂಗಿರುತ್ತದೆ. ಆ ಸದ್ದನ್ನೇ 24 ಬಿಟ್‌ನಲ್ಲಿ ಅಚ್ಚುಕಟ್ಟಾಗಿ ಕಾಪಾಡಿ ಆಗಬೇಕಾದ್ದೇನು? ಆದರೆ ಶಬ್ದ ಹೆಚ್ಚುಕಡಿಮೆ ಮಾಡುವ, ಬೆಸೆಯುವ ಕೆಲಸ ನಡೆಯುವಾಗ ಮಾತ್ರ 24 ಬಿಟ್‌ನಲ್ಲೇ ಇದ್ದು, ಕೊನೆಯಲ್ಲಿ ಒಮ್ಮೆ 16ಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಈ ಮಾಮೂಲಿ ಡಿವಿಡಿ (ಡಿವಿಡಿ-ವಿಡಿಯೊ) ಸಿಡಿಯ 44.1 ಕಿಲೋಹರ್ಟ್ಸ್ ಒಪ್ಪುವುದಿಲ್ಲ. ಸಿಡಿಯಿಂದ ತೆಗೆದ ಧ್ವನಿಯಾದರೆ ಪ್ರತಿ 147 ಸ್ಯಾಂಪಲ್ ಇದ್ದಲ್ಲಿ 160 ಕಟ್ಟಬೇಕು. ಹೊಸ ಸ್ಯಾಂಪಲ್ ಒಂದೊಂದನ್ನೂ ಹಿಂದುಮುಂದಿನ ಹಲವು ಸ್ಯಾಂಪಲ್‌ಗಳನ್ನು ನೋಡಿಯೇ ಲೆಕ್ಕ ಹಾಕುವುದು. ಕಛೇರಿಯನ್ನು ಮೊದಲೇ ತುಂಡು ಮಾಡಿಟ್ಟಿದ್ದರೆ ತುಂಡಿನ ತುದಿಯಲ್ಲಿ ‘ಮುಂದಿನದು’ ಸಿಗುವುದಿಲ್ಲ, ಲೆಕ್ಕ ಅಲ್ಲಿ ಎಡವುತ್ತದೆ. ಆದ್ದರಿಂದ ಇಡೀ ಕಛೇರಿ ಒಂದೇ ಉದ್ದನೆಯ ಫೈಲ್ ಆಗಿಯೇ ಇರಬೇಕು, ಮೊದಲಿಂದ ಕೊನೆಯವರೆಗೆ.

ಡಿಸ್ಕ್ ಕಟ್ಟುವಾಗಲೂ ಅಷ್ಟೆ. ಆಥರಿಂಗ್ ತಂತ್ರಾಂಶದಲ್ಲಿ ಒಂದೊಂದು ಕೃತಿಗೂ ಒಂದೊಂದು ‘ಟೈಟಲ್’ ಮಾಡಿದರೆ, ಒಂದು ಮುಗಿದ ಮೇಲೆ ಪ್ಲೇಯರ್ ಮುಂದೇನೆಂದು ಆದೇಶ ಓದಿ, ಜಾಗ ಹುಡುಕಿ, ಹೊಸದಾಗಿ ಆರಂಭಿಸುತ್ತದೆ. ಬಿರುಕು ಗ್ಯಾರಂಟಿ. ಒಂದೇ ಟೈಟಲ್ ಮಾಡಿ, ಒಳಗೆ ‘ಚಾಪ್ಟರ್’ ಗುರುತುಗಳನ್ನು ಹಾಕಿದರೆ ಧ್ವನಿ ಎಲ್ಲೂ ನಿಲ್ಲುವುದಿಲ್ಲ. ಗುರುತು ಇರುವುದು ರಿಮೋಟಿನಿಂದ ಹಾರುವವರಿಗೆ ಮಾತ್ರ. ಟೈಟಲಿಗೆ 99 ಚಾಪ್ಟರ್‌ವರೆಗೆ ಅವಕಾಶವಿದೆ. ತನಿ ಆವರ್ತನಕ್ಕೆ ಪ್ರತ್ಯೇಕ ಗುರುತು ಹಾಕಿದರೆ ಮೃದಂಗದವರ ಮನೆಯವರೂ ಖುಷಿಪಡುತ್ತಾರೆ. ಡಿವಿಡಿ ಪ್ರತಿ ಚಿತ್ರವನ್ನೂ ಪೂರ್ತಿ ಇಡದೆ ನಡುವಿನವುಗಳಲ್ಲಿ ಬದಲಾವಣೆಯನ್ನಷ್ಟೇ ಇಡುತ್ತದೆ; ಗುರುತು ಬೀಳುವುದು ಪೂರ್ಣ ಚಿತ್ರ ಇರುವ ಜಾಗದಲ್ಲಷ್ಟೇ, ಅದು ಬರುವುದು ಸುಮಾರು ಅರ್ಧ ಸೆಕೆಂಡಿಗೊಮ್ಮೆ. ಹಾಗಾಗಿ ಪಲ್ಲವಿಯ ಮೊದಲ ಅಕ್ಷರಕ್ಕೆ ಒತ್ತಿ ಇಡದೆ ಒಂದು ಸೆಕೆಂಡು ಹಿಂದೆಯೇ ಇಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಕ್ಯಾಸೆಟ್ ತಿರುವಿದ ಜಾಗ. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ 45 ನಿಮಿಷ. ತಿರುವುವಷ್ಟರಲ್ಲಿ ಕಳೆದುಹೋದ ಸಂಗೀತ ಮರಳಿ ಬರುವುದಿಲ್ಲ, ಅಂಚುಗಳನ್ನು ಬೆಸೆಯುವುದಷ್ಟೇ ಸಾಧ್ಯ. ಬೆಸೆಯುವ ಮೊದಲು ಶ್ರುತಿ ನೋಡಬೇಕು. ಟೇಪಿನ ವೇಗ ಶೇಕಡಾ 1ರಷ್ಟು ಬದಲಾದರೂ ಶ್ರುತಿ ಸುಮಾರು 17 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾನ) ಜಾರುತ್ತದೆ. ಷಡ್ಜದಿಂದ ಶುದ್ಧ ರಿಷಭಕ್ಕೆ ಸುಮಾರು 100 ಸೆಂಟ್ ಎಂದರೆ, 17 ಸಣ್ಣದಲ್ಲ. ಎರಡು ಬದಿಯ ತಂಬೂರಿಯನ್ನೂ ಒಂದೇ ಶ್ರುತಿಗೆ ತಂದು, ಒಂದು ಬದಿ ಇಳಿಯುತ್ತ ಇನ್ನೊಂದು ಏರುವಂತೆ ಎರಡು ಮೂರು ಸೆಕೆಂಡು ಒಂದರ ಮೇಲೊಂದು ಹಾಸಬೇಕು. ಇಳಿಸುವುದು ಏರಿಸುವುದು ಸರಳರೇಖೆಯಲ್ಲಾದರೆ ನಡುವೆ ಸದ್ದು ಕುಗ್ಗಿದಂತೆ ಕೇಳುತ್ತದೆ. ಎರಡು ಬದಿಯ ಅಲೆಗಳು ಒಂದಕ್ಕೊಂದು ತಾಳೆಯಾಗದ ಕಾರಣ ಹೀಗೆ. ತಂತ್ರಾಂಶಗಳಲ್ಲಿರುವ ‘ಈಕ್ವಲ್ ಪವರ್’ ಆಯ್ಕೆ ಇದಕ್ಕೇ ಇರುವುದು.

ಎರಡು ಪದರದ 8.5 ಜಿಬಿ ಡಿಸ್ಕಿನ ಆಸೆ ಬೇಡ. ಪದರ ಬದಲಾಗುವಲ್ಲಿ ಲೇಸರ್ ಹೊಸದಾಗಿ ಗುರಿ ಹಿಡಿಯಬೇಕು, ಹಲವು ಪ್ಲೇಯರ್‌ಗಳು ಆಗ ಒಂದು ಕ್ಷಣ ತಡವರಿಸುತ್ತವೆ. ಇಡೀ ರಾತ್ರಿಯ ಕಛೇರಿಯಾಗಿ ಬೇರೆ ದಾರಿಯಿಲ್ಲದಿದ್ದರೆ, ಆ ಬದಲಾವಣೆ ಚಪ್ಪಾಳೆಯಲ್ಲೋ ಮೃದಂಗ ಶ್ರುತಿ ಮಾಡಿಕೊಳ್ಳುವ ಹೊತ್ತಿನಲ್ಲೋ ಬೀಳುವಂತೆ ನೋಡಿಕೊಳ್ಳಿ.