ಮಿಕ್ಕಿದ ಅನ್ನ, ಗಂಜಿ ಹಾಕಿದ್ರೆ ಆಕಳ ಹಾಲು ದಪ್ಪ ಆಗ್ತದಾ?

ಶಿರಸಿ ಕಡೆ ಮದುವೆ, ಉಪನಯನ ಶುರುವಾದ್ರೆ ಈ ಪ್ರಶ್ನೆ ಬಂದೇ ಬರ್ತದೆ. "ಅನ್ನ, ಪಾಯಸ ಸುಮಾರು ಮಿಕ್ಕಿದೆ, ಆಕಳಿಗೆ ಹಾಕ್ಲಿಕ್ಕೆ ಅಡ್ಡಿಲ್ವಾ? ಹಾಲೂ ದಪ್ಪ ಆಗ್ತದಲ್ಲ?" ಎಷ್ಟು ಸಲ ಹೇಳಿದೇನೋ, ಮತ್ತೆ ಹೇಳ್ತೆ: ಅಡ್ಡಿ ಇದೆ. ಹಾಲು ದಪ್ಪ ಆಗೂದಿಲ್ಲ.

ಗಂಜಿ ದಪ್ಪ ಇದ್ರೆ ಹಾಲೂ ದಪ್ಪ ಅನ್ನೋದು ಹಾಕಿದ್ದೆಲ್ಲ ಸೀದಾ ಕೆಚ್ಚಲಿಗೆ ಇಳೀತದೆ ಅನ್ನೋ ಲೆಕ್ಕ. ಹಾಗಲ್ಲ ಮಾರಾಯ್ರೆ. ಆಕಳು ತಿಂದಿದ್ದನ್ನ ಮೊದಲು ತಿನ್ನೋದು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು. ನಾಲ್ಕು ಕೋಣೆಯ ಹೊಟ್ಟೇಲಿ ದೊಡ್ಡದು ರೂಮೆನ್, ದೊಡ್ಡ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಆಕಳಲ್ಲಿ 100 ಲೀಟರಿಗಿಂತ ಹೆಚ್ಚು ಹಿಡೀತದೆ, ಅಲ್ಲಿ ಹುಲ್ಲಿನ ನಾರು ಕೊಳೆತು ಅಸಿಟಿಕ್ ಆಮ್ಲ ಆಗ್ತದೆ, ಹಾಲಿನ ಜಿಡ್ಡಿನ ದೊಡ್ಡ ಪಾಲು ತಯಾರಾಗೋದು ಅದರಿಂದ. ಅಂದ್ರೆ ಫ್ಯಾಟ್ ಬೇಕಾದ್ರೆ ನಾರು ಬೇಕು. ಒಣಹುಲ್ಲು ಕಡಿಮೆ ಮಾಡಿ ಗಂಜಿ ಸುರಿದವ್ರೇ ಆಮೇಲೆ ಡೈರೀಲಿ ಫ್ಯಾಟ್ ಬಿತ್ತು ಅಂತ ಬರೂದು!

ಇನ್ನು ಒಂದೇ ಸಲ ಬುಟ್ಟಿಗಟ್ಲೆ ಅನ್ನ ಹಾಕಿದ್ರೆ ಜೀವಕ್ಕೇ ಅಪಾಯ. ಬೆಂದ ಪಿಷ್ಟ ಬಹಳ ಬೇಗ ಹುಳಿತದೆ, ಲ್ಯಾಕ್ಟಿಕ್ ಆಮ್ಲ ಮಾಡೋ ಜೀವಿಗಳು ಒಮ್ಮೆಲೇ ಹೆಚ್ಚಾಗ್ತವೆ, 6ರಿಂದ 7ರ ಒಳಗೆ ಇರಬೇಕಾದ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) 5ಕ್ಕಿಂತ ಕೆಳಗೂ ಇಳೀಬಹುದು, ನಾರು ಜೀರ್ಣ ಮಾಡೋ ಜೀವಿಗಳು ಸಾಯ್ತವೆ, ಮೈಯ ನೀರು ರೂಮೆನ್ನಿಗೆ ಎಳ್ಕೊಂಡು ಆಕಳು ಒಣಗ್ತದೆ. ಮೇವು ಬಿಡ್ತದೆ, ಮೆಲುಕು ನಿಲ್ತದೆ, ಸಗಣಿ ನೀರಾಗಿ ಹಾಕ್ತದೆ, ಮಲಗಿದ್ದು ಏಳೂದಿಲ್ಲ. ಬೆಳಗಾಗ್ಲಿ ನೋಡೋಣ ಅಂತ ಕೂರಬೇಡಿ, ರಾತ್ರೀನೇ ಡಾಕ್ಟರಿಗೆ ಫೋನ್ ಮಾಡಿ. ಬದುಕಿದ್ರೂ ಎಷ್ಟೋ ಸಲ ಗೊರಸಿನ ನೋವು ಉಳೀತದೆ.

ಒಣಹುಲ್ಲು ಜಗಿದು ಮೆಲುಕು ಹಾಕುವಾಗ ದೊಡ್ಡ ಆಕಳಿಗೆ ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಬರ್ತದೆ, ಅದರಲ್ಲಿ ಸೋಡಾ ಅಂಶ ಇರ್ತದೆ, ಹುಳಿ ತಗ್ಗಿಸೋದು ಅದೇ. ಅನ್ನಕ್ಕೆ ಜಗಿಯೋ ಕೆಲಸವೇ ಇಲ್ಲ, ಜೊಲ್ಲು ಎಲ್ಲಿಂದ ಬರಬೇಕು? ದಿನಾ ಕೊಡೋ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಬೇರೆ ವಿಷಯ, ಅದಕ್ಕೆ ಅಡ್ಡಿಲ್ಲ.

ಕರು ವಿಷಯ ಯಾರೂ ಕೇಳೂದಿಲ್ಲ, ನಾನೇ ಹೇಳ್ತೆ. ಹುಟ್ಟಿದ ಕರುವಿಗೆ ರೂಮೆನ್ ಇನ್ನೂ ಕೆಲಸ ಮಾಡೂದಿಲ್ಲ. ಚೀಪಿ ಕುಡಿಯುವಾಗ ಒಳಗೊಂದು ಮಡಿಕೆ, ಅಂದ್ರೆ ಮಡಚಿದ ಪದರ, ಕೊಳವೆ ಹಾಗೆ ಮುಚ್ಚಿ ಹಾಲನ್ನ ಸೀದಾ ನಾಲ್ಕನೇ ಕೋಣೆಗೆ ದಾಟಿಸ್ತದೆ. ಎಂಥ ಚಂದದ ವ್ಯವಸ್ಥೆ ನೋಡಿ! ಗೊಟ್ಟದಲ್ಲಿ (ದನಕ್ಕೆ ಔಷಧ ಕುಡಿಸೋ ಬಿದಿರಿನ ಕೊಳವೆ) ಬಲವಂತಕ್ಕೆ ಸುರಿದ್ರೆ ಆ ಮಡಿಕೆ ಸರಿ ಮುಚ್ಚದೆ ಹಾಲು ರೂಮೆನ್ನಿಗೆ ಬಿದ್ದು ಹುಳಿಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಬೆರಳು ಚೀಪಿಸ್ತಾ ಪಾತ್ರೆಯಿಂದ ಕುಡಿಸಿ.